ದಿನಕ್ಕೊಂದು ಎಲೆ

ಬೆಳಗ್ಗೆ ಚಾ ಕುಡಿದಾದ ಮೇಲೆ ಟ್ಯಾರೋ ಕಟ್ಟಿನಿಂದ ಒಂದು ಎಲೆ ತೆಗೆದು ಟೀಚಿಂಗ್ ಮ್ಯಾನುವಲ್‌ನೊಳಗೆ ಇಟ್ಟುಕೊಳ್ಳುವ ಅಭ್ಯಾಸ ಹತ್ತಿಕೊಂಡು ಎರಡು ವರ್ಷವಾಯಿತು. ಕಟ್ಟು ಬೆಂಗಳೂರಿನಲ್ಲಿರುವ ತಂಗಿಯ ಮಗಳದ್ದು, ರಜೆಗೆ ಬಂದವಳು ಬಿಟ್ಟುಹೋದಳು. ಸ್ಟಾಫ್ ರೂಮಿನಲ್ಲಿ ಒಬ್ಬರು ನೋಡಿ, "ಏನು ಟೀಚರೇ, ಕವಡೆ ಬಿಟ್ಟು ಇಸ್ಪೀಟಿಗೆ ಇಳಿದ್ರಾ?" ಎಂದು ನಕ್ಕರು. ಕಾಸರಗೋಡಿನವರಿಗೆ ಪ್ರಶ್ನೆ ಇಡಿಸುವುದು ಹೊಸತೇ, ಹೇಳಿ! ಆದರೆ ನಾನು ನಾಳೆಯ ಸುದ್ದಿ ಕೇಳುವುದಿಲ್ಲ. ಇವತ್ತು ಏನನ್ನು ಸ್ವಲ್ಪ ನಿಂತು ನೋಡಬೇಕು, ಅಷ್ಟೇ ನನ್ನ ಪ್ರಶ್ನೆ.

ಇಸ್ಪೀಟು ಅಂದದ್ದು ಸುಳ್ಳೂ ಅಲ್ಲ ಅನ್ನಿ. 15ನೇ ಶತಮಾನದ ಇಟಲಿಯಲ್ಲಿ ಇದು ಬರೀ ಆಟ. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಿನ್ ಎಂಬವರು ಇದರಲ್ಲಿ ಈಜಿಪ್ಟಿನ ಗುಟ್ಟು ಅಡಗಿದೆ ಎಂದು ಬರೆದರು. ಆಗಿನ್ನೂ ಈಜಿಪ್ಟಿನ ಚಿತ್ರಲಿಪಿ ಓದಬಲ್ಲವರು ಒಬ್ಬರೂ ಇರಲಿಲ್ಲ! ನನ್ನಲ್ಲಿರುವುದು 1909ರಲ್ಲಿ ಲಂಡನ್ನಿನಲ್ಲಿ ಬಂದ ಕಟ್ಟಿನ ಪ್ರತಿ. 78 ಎಲೆಗಳ ಚಿತ್ರ ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಕಟ್ಟು ಹೆಸರಾದದ್ದು ಮಾತ್ರ ರೈಡರ್-ವೇಟ್ ಎಂದು. ಒಂದು ಪ್ರಕಾಶಕರ ಹೆಸರು, ಇನ್ನೊಂದು ಬರೆಸಿದವರದ್ದು. ಹಿಂದಿನ ಹೆಚ್ಚಿನ ಕಟ್ಟುಗಳಲ್ಲಿ ಎಂಟು ನಾಣ್ಯದ ಎಲೆ ಎಂದರೆ ಎಂಟು ನಾಣ್ಯ, ಮುಗಿಯಿತು. ಇವಳು ಅಲ್ಲಿ ಬೆಂಚಿನ ಮೇಲೆ ಒಬ್ಬನನ್ನು ಕೂರಿಸಿ ಒಂದೊಂದೇ ನಾಣ್ಯ ಕೆತ್ತಿಸಿದಳು. ಆ ಎಲೆ ಬಂದ ದಿನ ನಾನು ಕಾಪಿ ಪುಸ್ತಕ ತೆಗೆದು ಒಬ್ಬೊಬ್ಬರ 'ಳ'ವನ್ನೂ ಕೈಹಿಡಿದು ತಿದ್ದಿಸುತ್ತೇನೆ.

ಎಲ್ಲ ಎಲೆಯೂ ಹೀಗೆ ಒದಗುವುದಿಲ್ಲ. ರಾಜ ರಾಣಿಯರು ಬಂದರೆ ಸಂಜೆವರೆಗೆ ಮ್ಯಾನುವಲ್‌ನೊಳಗೇ ನಿದ್ದೆ.

ಕಳೆದ ಜೂನಿನಲ್ಲಿ ಒಂದು ದಿನ ಆರು ಕತ್ತಿಯ ಎಲೆ ಬಂತು. ಒಂದು ದೋಣಿ, ಉದ್ದದ ಕೋಲು ಹಾಕಿ ನಡೆಸುವವನೊಬ್ಬ, ಮುಸುಕು ಹೊದ್ದ ಹೆಂಗಸು, ಪಕ್ಕದಲ್ಲಿ ಮಗು. ದೋಣಿಯಲ್ಲಿ ನೆಟ್ಟ ಕತ್ತಿಗಳು. ಹೆಂಗಸಿನ, ಮಗುವಿನ ಬೆನ್ನು ಮಾತ್ರ ನಮಗೆ ಕಾಣುವುದು. ಕೇರಳದ ಶಾಲೆಗಳಲ್ಲಿ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಡಿವಿಷನ್, ಡಿವಿಷನ್ ಮೇಲೆ ಟೀಚರ ಹುದ್ದೆ. ಅದು ನಾಲ್ಕನೇ ದಿನ. ಹನ್ನೊಂದು ಗಂಟೆಗೆ ಮೂರನೇ ಕ್ಲಾಸಿನ ಹುಡುಗಿಯೊಬ್ಬಳ ಅಮ್ಮ ಟಿ.ಸಿ. ಕೇಳಲು ಬಂದರು.

ಇಂಥ ಹೊತ್ತಿಗೆ ಹೇಳುವ ಮಾತುಗಳು ನಮಗೆಲ್ಲ ಬಾಯಿಪಾಠ. ಮಾತೃಭಾಷೆ, 1956, ಗಡಿನಾಡು... ಬೆಳಗ್ಗಿನ ಆ ಬೆನ್ನುಗಳು ನೆನಪಾಗಿ, "ಕೂತ್ಕೊಳ್ಳಿ, ಯಾಕೆಂತ ಹೇಳಿ" ಎಂದೆ.

"ದೊಡ್ಡವಳು ಹತ್ತನೆಯವರೆಗೆ ಕನ್ನಡದಲ್ಲೇ ಓದಿದ್ದು ಟೀಚರೇ. ಈಗ ಆಫೀಸಿಗೆ ಹೋದ್ರೆ ಮಲಯಾಳದ ಅರ್ಜಿ ಓದ್ಲಿಕ್ಕೆ ಬೇರೆಯವರು ಬೇಕು. ಇವಳಿಗೂ ಹಾಗೇ ಆಗ್ಬಾರ್ದಲ್ವಾ?"

ನನ್ನ ಬಾಯಿಪಾಠದಲ್ಲಿ ಇದಕ್ಕೆ ಉತ್ತರವಿಲ್ಲ. ಕಾಸರಗೋಡಿನಲ್ಲಿ ಕನ್ನಡದಲ್ಲಿ ಅರ್ಜಿ ಸಿಗಬೇಕಾದದ್ದು ನಮ್ಮ ಹಕ್ಕು, ಆದರೆ ಕ್ಯೂನಲ್ಲಿ ನಿಲ್ಲುವವಳು ಅವರ ಮಗಳು. ಹುಡುಗಿಯ ಓದು ಎಷ್ಟು ಚೆಂದ ಎಂದು ಹೇಳಿದೆ. ಶನಿವಾರ ಮನೆಗೆ ಕಳಿಸಿ, ಕನ್ನಡ ಕಥೆಪುಸ್ತಕ ಕೊಡುತ್ತೇನೆ ಎಂದೂ ಹೇಳಿ, ಹೆಡ್ ಮಾಸ್ಟ್ರ ಹತ್ತಿರ ಕರೆದುಕೊಂಡು ಹೋದೆ.

"ನಾಲ್ಕು ದಿನ ಬಿಟ್ಟು ಬರ್ಲಿಕ್ಕೆ ಹೇಳ್ಬಹುದಿತ್ತಲ್ಲ ಟೀಚರೇ" ಎಂದರು ಹೆಡ್ ಮಾಸ್ಟ್ರು, ಅವರು ಹೋದ ಮೇಲೆ. ಹೇಳಬಹುದಿತ್ತು, ಹೇಳುವುದು ಬೇಡವೆನಿಸಿತು. ಆರನೇ ದಿನ ಡಿವಿಷನ್ ಉಳಿಯಿತು, ಒಂದೇ ಒಂದು ತಲೆ ಹೆಚ್ಚಿತ್ತು. ಹುಡುಗಿ ಈವರೆಗೆ ಐದು ಶನಿವಾರ ಬಂದಿದ್ದಾಳೆ. ಮಳೆ ಜೋರಿದ್ದರೆ ಬರುವುದಿಲ್ಲ.