ಆಲ್ಕೊಳದಿಂದ ಕೇದಾರಕ್ಕೆ

ಶಿವಮೊಗ್ಗೆಯಿಂದ ಸಾಗರದ ಮಾರ್ಗವನ್ನು ಹಿಡಿದು ಹೊರಟವರಿಗೆ ಊರು ಮುಗಿಯುವ ಮೊದಲೇ ಆಲ್ಕೊಳವು ಸಿಕ್ಕುತ್ತದೆ. ಆನಂದಪುರದ ಸಮೀಪದ ನರಸೀಪುರಕ್ಕೆ ನಾಟಿವೈದ್ಯದ ತೊಗಟೆ ಬೇರುಗಳನ್ನು ಅರಸಿ ದೂರದೇಶಗಳ ರೋಗಿಗಳು ಬಹುಕಾಲ ಹಾದುಹೋದದ್ದು ಈ ದಾರಿಯಲ್ಲಿಯೇ. ಇಂತಹ ಸೀಮೆಯವರಿಗೆ ಗಿಡಮೂಲಿಕೆಗಳಲ್ಲಿ ನಂಬಿಕೆಯು ಬಲವಾಗಿರುವುದು ಸಹಜವಷ್ಟೆ. ಆದಕಾರಣವೇ ಇಲ್ಲಿಂದ ಬದರೀ ಕೇದಾರಗಳಿಗೆ ಹೊರಡುವವರ ಗಂಟಿನಲ್ಲಿ ಉಣ್ಣೆಯ ಶಾಲಿನೊಡನೆ ಒಣಶುಂಠಿ, ಬೆಳ್ಳುಳ್ಳಿ, ಕರ್ಪೂರದ ಪೊಟ್ಟಣಗಳು ತಪ್ಪದೆ ಇರುತ್ತವೆ. ಮೊನ್ನೆ ನೆರೆಮನೆಯ ವೃದ್ಧೆಯೊಬ್ಬರು, “ಮೇಷ್ಟ್ರೇ, ಇಷ್ಟಿದ್ದರೆ ಮೇಲೆ ಉಸಿರು ಕಟ್ಟುವುದಿಲ್ಲವಲ್ಲವೆ?” ಎಂದು ಕೇಳಿದರು. ಹೌದೆಂದು ತಲೆಯಾಡಿಸುವುದು ಸುಲಭವಾಗಿತ್ತು, ಧರ್ಮವಾಗುತ್ತಿರಲಿಲ್ಲ.

ಶಿವಮೊಗ್ಗೆಯು ಸಮುದ್ರಮಟ್ಟಕ್ಕಿಂತ ಸುಮಾರು 570 ಮೀಟರು ಮೇಲಿದೆ. ಕೊಡಚಾದ್ರಿಯ ಎತ್ತರ 1,343 ಮೀಟರು. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ 2,000ವನ್ನು ಮುಟ್ಟದು. ಪರ್ವತವ್ಯಾಧಿಯಾದರೋ ಸಾಮಾನ್ಯವಾಗಿ 2,500 ಮೀಟರಿನಿಂದಾಚೆಗೆ ತಲೆದೋರತಕ್ಕದ್ದು. ಹೀಗಿರಲು ಕೊಡಚಾದ್ರಿಯನ್ನು ಲೀಲಾಜಾಲವಾಗಿ ಹತ್ತಿದವರಿಗೂ ಅದರ ಪರಿಚಯವಿರದು. ಕೇದಾರವಿರುವುದು 3,583 ಮೀಟರಿನಲ್ಲಿ. ಗೌರೀಕುಂಡದಿಂದ ಸುಮಾರು 16 ಕಿಲೋಮೀಟರು ದಾರಿಯನ್ನು ಜನರು ಒಂದೇ ದಿನದಲ್ಲಿ ಏರುತ್ತಾರೆ. ಹೆಲಿಕಾಪ್ಟರಿನಲ್ಲಿ ಹೋಗುವವರಿಗೆ ಕೆಲವು ನಿಮಿಷಗಳೇ ಸಾಕು. ವಿರಳವಾದ ವಾಯುವಿಗೆ ಶರೀರವು ಹೊಂದಿಕೊಳ್ಳಲು ಮಾತ್ರ ದಿನಗಳು ಬೇಕು.

ವ್ಯಾಧಿಯು ಹೊಸದಲ್ಲ. ಚೀನದ ಹಾನ್ ವಂಶದ ಚರಿತ್ರೆಯಲ್ಲಿಯೇ ‘ದೊಡ್ಡ ತಲೆನೋವಿನ ಬೆಟ್ಟ’, ‘ಸಣ್ಣ ತಲೆನೋವಿನ ಬೆಟ್ಟ’ ಎಂಬ ಹೆಸರುಗಳು ಕಾಣಬರುತ್ತವೆ. ರಾಮಾಯಣದ ಓಷಧಿಪರ್ವತವನ್ನು ನೆನೆಯುವವರಿಗೆ ಒಂದು ಮಾತು: ಮೃತಸಂಜೀವನೀ, ವಿಶಲ್ಯಕರಣೀ ಮೊದಲಾದ ಆ ನಾಲ್ಕು ಮೂಲಿಕೆಗಳು ರಣದಲ್ಲಿ ಬಿದ್ದವರಿಗಾಗಿ ಬಂದವು, ಬೆಟ್ಟ ಹತ್ತುವವರಿಗಾಗಿ ಅಲ್ಲ. ಹತ್ತಿದ ಹನುಮಂತನಿಗೆ ಅವು ಬೇಕಾಗಲೂ ಇಲ್ಲ!

ಶುಂಠಿಯು ವಾಕರಿಕೆಯನ್ನು ತಗ್ಗಿಸುವುದುಂಟು. ಬಿಸಿ ಕಷಾಯವು ಚಳಿಯಲ್ಲಿ ಹಿತವೇ. ಕರ್ಪೂರವು ಮೂಗಿಗೆ ತಂಪನ್ನು ತೋರಿಸುತ್ತದೆಯೇ ಹೊರತು ಉಸಿರಿಗೆ ಎಳ್ಳಿನಷ್ಟೂ ಆಮ್ಲಜನಕವನ್ನು ಸೇರಿಸದು. ಮಕ್ಕಳ ಬಾಯಿಗೆ ಹೋದರೆ ವಿಷ. ಲಡಾಖಿನವರು ಪಲ್ಯ ಮಾಡಿಕೊಳ್ಳುವ ‘ಸೋಲೋ’ ಎಂಬ ಸೊಪ್ಪಿಗೂ ಈ ವಿಷಯದಲ್ಲಿ ಹೆಸರಿದೆ, ನಿಶ್ಚಿತವಾದ ಪ್ರಮಾಣವಿಲ್ಲ. ಗಿಂಕೋ ಎಂಬ ಮರದ ಎಲೆಯ ಸಾರವನ್ನು ಎವರೆಸ್ಟಿನ ದಾರಿಯಲ್ಲಿ 600ಕ್ಕೂ ಹೆಚ್ಚು ಚಾರಣಿಗರಲ್ಲಿ ಪರೀಕ್ಷಿಸಿ 2004ರಲ್ಲಿ ಫಲವನ್ನು ಪ್ರಕಟಿಸಿದರು: ಅದು ಹುಸಿಮಾತ್ರೆಗಿಂತ ಮೇಲಾಗಿ ಕಾಣಲಿಲ್ಲ, ಅಸೆಟಜೋಲಮೈಡ್ ಎಂಬ ಔಷಧವು ಮಾತ್ರ ವ್ಯಾಧಿಯನ್ನು ಗಣನೀಯವಾಗಿ ತಡೆಯಿತು. ಅದನ್ನೂ ವೈದ್ಯರನ್ನು ಕೇಳಿಯೇ ಸೇವಿಸತಕ್ಕದ್ದು. ಸಲ್ಫಾ ಔಷಧಗಳು ಒಗ್ಗದವರು ಆ ಸಂಗತಿಯನ್ನು ಮೊದಲೇ ತಿಳಿಸಬೇಕು.

ಆದುದರಿಂದ ನಾನು ಆಕೆಗೆ ಹೇಳಿದ್ದಿಷ್ಟೆ: ಶುಂಠಿ ಗಂಟಿನಲ್ಲಿರಲಿ, ಕರ್ಪೂರ ಆರತಿಗಿರಲಿ, ಪ್ರಯಾಣಕ್ಕೆ ಇನ್ನೆರಡು ದಿನಗಳನ್ನು ಸೇರಿಸಿರಿ, ನಡುದಾರಿಯ ಊರುಗಳಲ್ಲಿ ತಂಗಿ ಏರಿರಿ. 3,000 ಮೀಟರು ದಾಟಿದ ಮೇಲೆ ರಾತ್ರಿ ಮಲಗುವ ಎಡೆಯನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು ಬಲ್ಲವರ ನಿಯಮ. ತಲೆನೋವು, ವಾಂತಿ, ನಿದ್ರಾಭಂಗಗಳು ಕಂಡರೆ ಅಲ್ಲಿಯೇ ನಿಲ್ಲತಕ್ಕದ್ದು. ಕುಳಿತಲ್ಲಿಯೇ ಏದುಸಿರು ಬಂದರೆ, ಕುಡಿದವರಂತೆ ಹೆಜ್ಜೆ ತಪ್ಪಿದರೆ, ಮಾತು ತೊದಲಿದರೆ, ದೇವಾಲಯವು ಕಣ್ಣೆದುರಿಗೇ ಇದ್ದರೂ, ರಾತ್ರಿಯೇ ಆಗಿದ್ದರೂ, ಜೊತೆಗಾರರು ಅವರನ್ನು ಕೆಳಕ್ಕೆ ಇಳಿಸಿಕೊಂಡು ಬರಬೇಕು.