ಹಳೆಯ ಬಾಗಿಲು

ಮುಧೋಳವು ರನ್ನಕವಿಯ ಊರೆಂಬುದನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ನಮ್ಮ ತೀರ್ಥರೂಪರು ‘ಗದಾಯುದ್ಧ’ಕ್ಕೆ ಬರೆದಿಟ್ಟ ಟಿಪ್ಪಣಿಗಳ ಎರಡು ವಹಿಗಳು ನಮ್ಮಲ್ಲಿವೆ. ಹಾಳೆಗಳು ಮುಟ್ಟಿದರೆ ಮುರಿಯುವಂತಾದುದರಿಂದ ನಮ್ಮ ಚಿರಂಜೀವಿಯು ಪುಟಪುಟದ ಚಿತ್ರವನ್ನು ತೆಗೆದು ನಡುಮನೆಯ ದೊಡ್ಡ ಗಣಕಯಂತ್ರದಲ್ಲಿ ಇರಿಸಿದನು. ನಾವಾದರೋ ಮಾಳಿಗೆಯ ಕೋಣೆಯಲ್ಲಿ ಓದುವವರು. ಅಲ್ಲಿ ಅವನು ವಿನೋದಕ್ಕಾಗಿ ಜೋಡಿಸಿದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಯಂತ್ರವಿದೆ; ಅದನ್ನು ನಡೆಸುವುದು ರಿಸ್ಕ್ ಓಎಸ್.

ಇದು ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಕಂಪನಿಯ ಕೃತಿ. ೧೯೮೭ರಲ್ಲಿ ಆರ್ಥರ್ ಎಂಬ ಹೆಸರಿನಿಂದ ಹೊರಟು, ೧೯೮೯ರಲ್ಲಿ ಈಗಿನ ಹೆಸರನ್ನು ತಳೆಯಿತು. ಇಂದು ನಮ್ಮೆಲ್ಲರ ಮೊಬೈಲುಗಳಲ್ಲಿರುವ ಆರ್ಮ್ ಚಿಪ್ಪಿನ ಮೂಲವೂ ಆ ಕಂಪನಿಯೇ. ಮಗನು ಮುದ್ದಾಡಿದ ಕೂಸು ದೊಡ್ಡವಾಯಿತು. ಅದರ ತೊಟ್ಟಿಲು ಮಾತ್ರ ಕೆಲವೇ ಅಭಿಮಾನಿಗಳ ಪಾಲಿಗೆ ಉಳಿದಿದೆ.

ಕೆಳಗಿನ ಚಿತ್ರಗಳನ್ನು ಮೇಲಿನಿಂದ ಕಾಣಬೇಕಾದರೆ ಎರಡು ಯಂತ್ರಗಳಿಗೂ ಒಂದು ಭಾಷೆ ಬೇಕು. ಅಂಥ ಭಾಷೆಯೊಂದು ೧೯೮೩ರ ಸುಮಾರಿಗೆ ಐಬಿಎಮ್‌ನಲ್ಲಿ ಹುಟ್ಟಿತು, ಹೆಸರು ಎಸ್‌ಎಮ್‌ಬಿ. ನಮ್ಮ ಚಿಕ್ಕ ಯಂತ್ರದ ಲ್ಯಾನ್‌ಮ್ಯಾನ್‌ಎಫ್‌ಎಸ್ ಅದರ ಮೊದಲನೆಯ ಆವೃತ್ತಿಯನ್ನಷ್ಟೇ ಬಲ್ಲದು. ದೊಡ್ಡ ಯಂತ್ರವು ಅದಕ್ಕೆ ಕಿವಿಗೊಡಲೇ ಒಲ್ಲದು.

“ಅಪ್ಪಾ, ಅಲ್ಲಿ ಹಳೇ ಬಾಗಿಲಾ ತೆಗದರ ಈಗಿಂದೀಗ ಕಾಣ್ತಾವ. ತೆಗೀಲೇನು?” ಎಂದನು ಮಗನು.

“ಮುಚ್ಚಿದವರು ಯಾಕ ಮುಚ್ಚ್ಯಾರ?” ಎಂದೆವು.

೨೦೧೭ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಈ ಬಾಗಿಲಿನಿಂದಲೇ ನುಗ್ಗಿ ಸುಮಾರು ೧೫೦ ದೇಶಗಳ ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತಂತೆ. ಇಂಗ್ಲೆಂಡಿನ ಆಸ್ಪತ್ರೆಗಳೂ ತತ್ತರಿಸಿದುವು. ತಂದೆಯವರ ಅಕ್ಷರಗಳನ್ನು ಅಂಥ ಹೊಸ್ತಿಲ ಬಳಿ ಇರಿಸಲು ನಮಗೆ ಧೈರ್ಯ ಸಾಲಲಿಲ್ಲ. ಬೇಡವೆಂದೆವು.

ಅಂದಿನಿಂದ ಮಗನು ಹೊಸ ಆವೃತ್ತಿಯ ಭಾಷೆಯನ್ನು ಚಿಕ್ಕ ಯಂತ್ರಕ್ಕೆ ಕಲಿಸಲು ತೊಡಗಿರುವನು. ೨೦೦೬ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಆಜ್ಞೆಗಳು ನೂರಕ್ಕೆ ಮೇಲ್ಪಟ್ಟಿದ್ದುದು ಹತ್ತೊಂಬತ್ತಕ್ಕೆ ಇಳಿದುವೆಂದು ಕೇಳಿ ಸೂತ್ರಕಾರರನ್ನು ನೆನೆದು ಸಂತೋಷಪಟ್ಟೆವು. ಆದರೆ ತೊಡಕುಗಳು ಬೇರೆಯೇ ಇವೆ. ರಿಸ್ಕ್ ಓಎಸ್‌ನಲ್ಲಿ ಬಿಂದುವು ಕಡತಕೋಶಗಳನ್ನು ಬೇರ್ಪಡಿಸುವ ಚಿಹ್ನೆ. ಆದುದರಿಂದ ಹೊರಗಿನ ಹೆಸರಿನ ಬಿಂದುವಿಗೆ ಓರೆಗೆರೆಯು ಆದೇಶವಾಗಿ ಬರಬೇಕು. ಸ್ಥಾನಿಯನ್ನು ತೆಗೆದು ಆದೇಶವನ್ನಿಡುವ ಈ ಕ್ರಮವನ್ನು ಪಾಣಿನೀಯವನ್ನೋದಿದ ನಾವು ಮಗನಿಗಿಂತ ಮೊದಲೇ ಹಿಡಿದೆವೆಂದು ಹೇಳಿಕೊಳ್ಳುವುದು ಜಂಬವಾದೀತು. ಚಿತ್ರಕಡತಕ್ಕೆ ಸಿ೮೫ ಎಂಬ ಅಂಕಿತ ಬೇರೆ. ಮತ್ತೆ, ಅಲ್ಲಿ ಒಂದು ಕಾರ್ಯಕ್ರಮವು ತಾನಾಗಿ ಸರಿದು ಎಡೆಗೊಟ್ಟ ಹೊರತು ಇನ್ನೊಂದಕ್ಕೆ ಸರದಿಯಿಲ್ಲ. ಕೆಳಗಿನ ಯಂತ್ರವು ಉತ್ತರಿಸಲು ತಡಮಾಡಿದರೆ ಪರದೆಯೆಲ್ಲ ಸ್ತಬ್ಧವಾಗುವುದು. ಮಗನಿಗೆ ರವಿವಾರವೊಂದೇ ಬಿಡುವು.

ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ನಾವು ಒಂದೇ ಪ್ರತಿಯನ್ನು ಹದಿನೈದು ಮೆಟ್ಟಿಲು ಏರಿಸಲಾರದೆ ಕುಳಿತಿರುವೆವು! ಸದ್ಯಕ್ಕೆ ಮಗನು ಪ್ರತಿರಾತ್ರಿ ಹತ್ತು ಪುಟಗಳನ್ನು ಪೆನ್‌ಡ್ರೈವಿಗೆ ಇಳಿಸಿ ಕೊಡುವನು. ನಾವು ಅದನ್ನು ಅಂಗಿಯ ಕಿಸೆಯಲ್ಲಿಟ್ಟು ಮೇಲೇರುವೆವು. ನಿನ್ನೆ ಎರಡನೆಯ ವಹಿಯ ನಾಲ್ವತ್ತನೆಯ ಪುಟವಾಯಿತು. ಮಿಕ್ಕುದು ಇನ್ನೂ ಕೆಳಗಿದೆ.