ಮೊಮ್ಮಗ ಕೊಟ್ಟ ಆಯಿಲ್ ಡಬ್ಬಿ

ಎಪ್ಪತ್ತು ದಾಟಿದವರ ಹುಟ್ಟುಹಬ್ಬಕ್ಕೆ ಸಾಮಾನ್ಯವಾಗಿ ಶಾಲು ಬರುತ್ತದೆ, ಸ್ವೆಟರ್ ಬರುತ್ತದೆ, ಇಲ್ಲವೇ ಬಿ.ಪಿ. ನೋಡುವ ಯಂತ್ರ ಬರುತ್ತದೆ. ಹೋದ ವರ್ಷ ನನಗೆ ಬಂದದ್ದು ಒಂದು ಲೀಟರ್ ಎಂಜಿನ್ ಆಯಿಲ್!

ಕೊಟ್ಟವನು ಏಳನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗ. ಹಬ್ಬಗಳಲ್ಲಿ ನಮಸ್ಕಾರ ಮಾಡಿದಾಗ ಹಿರಿಯರು ಕೈಗಿಟ್ಟ ಹಣವನ್ನು ಕೂಡಿಟ್ಟು, ತಾನೇ ಅಂಗಡಿಗೆ ಹೋಗಿ, "ಇರೋದ್ರಲ್ಲಿ ತುಂಬಾ ಒಳ್ಳೇದು ಕೊಡಿ" ಎಂದು ಕೇಳಿ ತಂದಿದ್ದ. ಕಪ್ಪು ಡಬ್ಬಿ, ಬಂಗಾರದ ಬಣ್ಣದ ಅಕ್ಷರ. ಮೇಲೆ ಒಂದು ಕಾರಿನ ಚಿತ್ರ. ಆ ಚಿತ್ರ ನೋಡಿದಾಗ ನನಗೆ ಒಂದು ಕ್ಷಣ ಅನುಮಾನ ಬಂತು. ಆದರೆ ಹುಡುಗನ ಮುಖ ನೋಡಿದೆ, ಅನುಮಾನವನ್ನು ನುಂಗಿಕೊಂಡೆ. ದುಬಾರಿ ಆಯಿಲ್ ತಾನೇ, ಒಳ್ಳೆಯದೇ ಆಗಬಹುದು ಅಂದುಕೊಂಡೆ.

ನನ್ನ ಗಾಡಿ 2008ರಲ್ಲಿ ಕೊಂಡ ಸ್ಪ್ಲೆಂಡರ್ ಪ್ಲಸ್. ಅದಕ್ಕೂ ಮೊದಲು ನನ್ನಲ್ಲಿದ್ದದ್ದು ಯೆಜ್ಡಿ. ನಮ್ಮ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ಅದು ತಯಾರಾಗುತ್ತಿತ್ತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಯೆಜ್ಡಿ ಟೂ ಸ್ಟ್ರೋಕ್ ಗಾಡಿ. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕು. ಅದು ಪೆಟ್ರೋಲಿನ ಜೊತೆ ಉರಿದು ಹೊಗೆಯಾಗಿ ಹೋಗುತ್ತಿತ್ತು. ಸ್ಪ್ಲೆಂಡರ್ ಫೋರ್ ಸ್ಟ್ರೋಕ್. ಇದರಲ್ಲಿ ಆಯಿಲ್ ಎಂಜಿನ್ನಿನ ತಳದಲ್ಲಿ ನಿಂತಿದ್ದು, ಮತ್ತೆ ಮತ್ತೆ ಮೇಲೆ ಹೋಗಿ ಬಂದು ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ ಯೆಜ್ಡಿಯ ಆಯಿಲ್ ದಿನದ ಖರ್ಚು, ಸ್ಪ್ಲೆಂಡರಿನದು ಠೇವಣಿ. ಠೇವಣಿ ಇಡುವಾಗ ಸ್ವಲ್ಪ ಹೆಚ್ಚು ಎಚ್ಚರ ಬೇಕು.

ಮುಂದಿನ ಭಾನುವಾರ ನಾವಿಬ್ಬರೂ ಅಂಗಳದಲ್ಲೇ ಆಯಿಲ್ ಬದಲಾಯಿಸಿದೆವು. ಗಾಡಿಯನ್ನು ಐದು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ, ತಳದ ಬೋಲ್ಟ್ ಬಿಚ್ಚಿದೆವು. ಹಳೆಯ ಆಯಿಲ್ ಕಾಡಿಗೆಯ ಹಾಗೆ ಇಳಿಯಿತು. ಅದನ್ನು ಚರಂಡಿಗೆ ಸುರಿಯಬಾರದು ಎಂದು ಹೇಳಿ ಕ್ಯಾನಿಗೆ ತುಂಬಿಸಿದೆ. ಮೆಕ್ಯಾನಿಕ್ ಅಂಗಡಿಯಲ್ಲಿ ತೆಗೆದುಕೊಳ್ಳುತ್ತಾರೆ. ಹೊಸ ಆಯಿಲನ್ನು ಹುಡುಗನೇ ಹೊಯ್ದ, ಒಂದು ಹನಿಯೂ ಚೆಲ್ಲದ ಹಾಗೆ. ಖಾಲಿ ಡಬ್ಬಿಯನ್ನು ತೊಳೆದು, ಮೇಲ್ಭಾಗ ಕತ್ತರಿಸಿ, ತನ್ನ ಓದುವ ಮೇಜಿನ ಮೇಲೆ ಪೆನ್ಸಿಲ್ ಹಾಕಲು ಇಟ್ಟುಕೊಂಡ.

ಎರಡು ವಾರ ಗಾಡಿ ಚೆನ್ನಾಗಿಯೇ ಓಡಿತು. ಮೂರನೇ ವಾರ ನಾನು ಮತ್ತು ನನ್ನ ಹೆಂಡತಿ ಹೆಲ್ಮೆಟ್ ಹಾಕಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟೆವು. ಅರ್ಧ ಬೆಟ್ಟ ಹತ್ತಿರಬೇಕು, ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಹಿಂದಿನಿಂದ ಬಸ್ಸು ಹಾರ್ನ್ ಹಾಕುತ್ತಿದೆ, ಎಡಕ್ಕೆ ಹೆಚ್ಚು ಜಾಗವಿಲ್ಲ. ಎದೆ ಢವಢವ ಎನ್ನುತ್ತಿತ್ತು. ಹೇಗೋ ಅಂಚಿಗೆ ತಂದು ನಿಲ್ಲಿಸಿದೆ. ಸುಟ್ಟ ವಾಸನೆ ಬರುತ್ತಿತ್ತು.

"ಏನ್ರೀ ಇದು, ಗಾಡಿಗೂ ಮಂಡಿನೋವು ಬಂತಾ?" ಎಂದಳು ನನ್ನಾಕೆ. ನಗುತ್ತಲೇ ಕೇಳಿದಳು, ಆದರೆ ಅವಳ ಕೈ ನಡುಗುತ್ತಿತ್ತು. ಅಂದು ದೇವಿಗೆ ಅಲ್ಲಿಂದಲೇ ಕೈಮುಗಿದು ಮೆಲ್ಲಗೆ ಇಳಿದು ಬಂದೆವು.

ನಮ್ಮ ಮೆಕ್ಯಾನಿಕ್ ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದು ಕೇಳಿದ ಮೊದಲ ಪ್ರಶ್ನೆ: "ಯಾವ ಆಯಿಲ್ ಹಾಕಿದ್ರಿ ಸಾರ್?"

"ಯಾವುದೋ ಒಳ್ಳೇದೇ."

"ಡಬ್ಬಿ ಇದೆಯಾ?"

ಡಬ್ಬಿ ಪೆನ್ಸಿಲುಗಳ ಸಮೇತ ಮೊಮ್ಮಗನ ಮೇಜಿನ ಮೇಲಿತ್ತು. ಅವನು ಶಾಲೆಗೆ ಹೋಗಿದ್ದಾಗ ಕನ್ನಡಕ ಹಾಕಿಕೊಂಡು ಕಳ್ಳನಂತೆ ಅದರ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿದೆ. 5ಡಬ್ಲ್ಯು-30 ಎಂದಿತ್ತು. ಕಾರುಗಳಿಗೆ, ಇಂಧನ ಉಳಿತಾಯಕ್ಕೆ ಎಂದಿತ್ತು. ಆಮೇಲೆ ನನ್ನ ಗಾಡಿಯ ಪುಸ್ತಕ ಹುಡುಕಿ ತೆಗೆದೆ. ಅದರಲ್ಲಿ 10ಡಬ್ಲ್ಯು-30, ಜಾಸೊ ಎಂ.ಎ. ಎಂದಿತ್ತು. ಮೂವತ್ತೈದು ವರ್ಷ ಬೇರೆಯವರ ಚೆಕ್ಕುಗಳ ಮೇಲಿನ ಸಣ್ಣ ತಪ್ಪು ಹಿಡಿದವನು, ಒಂದು ಡಬ್ಬಿಯ ಬೆನ್ನು ತಿರುಗಿಸಿ ಓದಿರಲಿಲ್ಲ.

ಮೆಕ್ಯಾನಿಕ್ ನನಗೆ ಅರ್ಥವಾಗುವ ಹಾಗೆ ವಿವರಿಸಿದ. ಬೈಕಿನಲ್ಲಿ ಕ್ಲಚ್ಚಿನ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ನೆನೆದಿರುತ್ತವೆ. ಅವು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡರೆ ಮಾತ್ರ ಎಂಜಿನ್ನಿನ ಬಲ ಚಕ್ರಕ್ಕೆ ಹೋಗುತ್ತದೆ. ಗೇರ್ ಹಾಕುವ ಸಾಮಾನ್ಯ ಕಾರುಗಳ ಕ್ಲಚ್ಚಿಗೆ ಎಂಜಿನ್ ಆಯಿಲ್ ತಾಗುವುದಿಲ್ಲ. ಹಾಗಾಗಿ ಕೆಲವು ಕಾರ್ ಆಯಿಲುಗಳಲ್ಲಿ ಉಜ್ಜಾಟ ಕಡಿಮೆ ಮಾಡುವ ವಸ್ತುಗಳನ್ನು ಧಾರಾಳವಾಗಿ ಸೇರಿಸುತ್ತಾರೆ. ಕಾರಿಗೆ ಅದು ವರ, ಬೈಕಿನ ಕ್ಲಚ್ಚಿಗೆ ಶಾಪ. ಸೋಪು ಹಚ್ಚಿದ ಕೈಯಲ್ಲಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಿ ನೋಡಿ, ಗೊತ್ತಾಗುತ್ತದೆ.

"ಪ್ಲೇಟುಗಳೂ ಮೊದಲೇ ಸವೆದಿದ್ವು ಸಾರ್. ಎಲ್ಲಾ ತಪ್ಪು ಆಯಿಲ್‌ದೇ ಅಲ್ಲ. ಮುಳುಗೋ ದೋಣಿಗೆ ಇದೊಂದು ಮೂಟೆ ಆಯ್ತು ಅಷ್ಟೇ" ಎಂದ. ಪ್ಲೇಟು ಬದಲಾಯಿಸಿ, ಸರಿಯಾದ ಆಯಿಲ್ ಹಾಕಿ ಕೊಟ್ಟ.

ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಹೆಂಡತಿಗೂ "ಮಗುವಿಗೆ ಹೇಳಬೇಡ, ನೊಂದ್ಕೊಳ್ತಾನೆ" ಎಂದೆ. ಆದರೆ ನನ್ನದೊಂದು ಹಳೆಯ ಅಭ್ಯಾಸ. ಪ್ರತಿ ರಾತ್ರಿ ಆ ದಿನದ ಖರ್ಚನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುತ್ತೇನೆ. ಬಿ.ಕಾಂ. ಓದುವಾಗ ಅಂಟಿಕೊಂಡದ್ದು, ಇನ್ನೂ ಬಿಟ್ಟಿಲ್ಲ. ತಿಂಗಳ ಕೊನೆಗೆ ಕೂಡುವ ಕೆಲಸ ಮೊಮ್ಮಗನದು. ಅವನ ಗಣಿತಕ್ಕೂ ಒಳ್ಳೆಯದು ಎಂದು ನಾನೇ ಹಚ್ಚಿದ್ದು. ಆ ತಿಂಗಳು ಅವನ ಬೆರಳು ಒಂದು ಸಾಲಿನಲ್ಲಿ ನಿಂತಿತು.

"ತಾತ, ಕ್ಲಚ್ ಪ್ಲೇಟು ಅಂತ ಬರೆದಿದ್ದೀಯ. ಕೆಳಗಡೆ ಎಂಜಿನ್ ಆಯಿಲ್ ಅಂತಲೂ ಇದೆ. ಆಯಿಲ್ ಈಗ ತಾನೇ ಹಾಕಿದ್ವಲ್ಲ?"

ಲೆಕ್ಕದ ಪುಸ್ತಕಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ನಾನು ಎಲ್ಲವನ್ನೂ ಹೇಳಿಬಿಟ್ಟೆ, ಬೆಟ್ಟ, ಬಸ್ಸು, ಸುಟ್ಟ ವಾಸನೆ ಎಲ್ಲ. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಅಜ್ಜಿಯ ಹತ್ತಿರ ಹೋಗಿ ಕುಳಿತ. ರಾತ್ರಿ ಊಟವಾದ ಮೇಲೆ ಬಂದು ಹೇಳಿದ: "ನೀನು ಹೇಳದೇ ಇದ್ದಿದ್ರೆ ಮುಂದಿನ ಹುಟ್ಟುಹಬ್ಬಕ್ಕೂ ನಾನು ಅದೇ ಆಯಿಲ್ ತರ್ತಿದ್ದೆ ತಾತ. ಆಗ ಏನು ಮಾಡ್ತಿದ್ದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ನೊಂದುಕೊಳ್ಳುತ್ತಾನೆ ಎಂದು ಮುಚ್ಚಿಟ್ಟಿದ್ದೆ. ಅವನಿಗೆ ನೋವಾದದ್ದು ಮುಚ್ಚಿಟ್ಟದ್ದಕ್ಕೆ. ಡಬ್ಬಿ ಕೈಗೆ ಬಂದ ದಿನವೇ, "ಇದು ಕಾರಿನದು ಅನ್ನಿಸುತ್ತೆ ಪುಟ್ಟ, ಬಾ, ಕೇಳಿ ಬದಲಾಯಿಸಿಕೊಂಡು ಬರೋಣ" ಎಂದಿದ್ದರೆ ಆಗುತ್ತಿತ್ತು. ಆ ಒಂದು ಮಾತನ್ನು ಉಳಿಸಲು ಹೋಗಿ ಅವನ ಅಜ್ಜಿಯನ್ನು ಬೆಟ್ಟದ ರಸ್ತೆಯಲ್ಲಿ ಅಪಾಯಕ್ಕೆ ಒಡ್ಡಿದ್ದೆ.

ಮರುದಿನ ಇಬ್ಬರೂ ಅಂಗಡಿಗೆ ಹೋದೆವು, ಕೊಳ್ಳುವುದಕ್ಕಲ್ಲ, ಓದುವುದಕ್ಕೆ. ಪರಿಚಯದ ಅಂಗಡಿಯವರು ಬೇಸರಿಸಲಿಲ್ಲ. ಅಲ್ಲಿ ಕಲಿತದ್ದನ್ನು ಮಕ್ಕಳಿಗೂ, ಹಳೆಯ ಗಾಡಿ ಇಟ್ಟುಕೊಂಡ ನನ್ನಂಥ ತಾತಂದಿರಿಗೂ ಹೇಳುತ್ತೇನೆ.

ಮೊದಲು ಆ ಎರಡು ಸಂಖ್ಯೆಗಳು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದನ್ನು, ಬಿಸಿಲಿಗಿಟ್ಟರೆ ನೀರಾಗುವುದನ್ನು ನೋಡಿದ್ದೀರಲ್ಲ? ಎಂಜಿನ್ ಆಯಿಲ್ ಕೂಡ ತಣ್ಣಗಿದ್ದಾಗ ಮಂದ, ಬಿಸಿಯಾದಾಗ ತೆಳು. ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಸಂಖ್ಯೆ ಚಿಕ್ಕದಾದಷ್ಟೂ ಚಳಿಯಲ್ಲಿ ಆಯಿಲ್ ಸುಲಭವಾಗಿ ಹರಿಯುತ್ತದೆ. ಎರಡನೆಯ ಸಂಖ್ಯೆ ಬಿಸಿಯಲ್ಲಿ, 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಅದು ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದರ ಗುರುತು. ದೊಡ್ಡದಾದಷ್ಟೂ ಹೆಚ್ಚು ಮಂದ. ಹಾಗೆಂದು ದೊಡ್ಡ ಸಂಖ್ಯೆಯೇ ಶ್ರೇಷ್ಠವಲ್ಲ. ಹಳೆಯ ಬುಲೆಟ್ಟಿಗೆ ಒಗ್ಗುವ 20ಡಬ್ಲ್ಯು-50 ನನ್ನ ಪುಟ್ಟ ಎಂಜಿನ್ನಿಗೆ ಭಾರ. ಅವರವರ ಗಾಡಿಯ ಪುಸ್ತಕ ಹೇಳಿದ್ದೇ ಸರಿ.

ಎರಡನೆಯದು ಗಾಳಿಯಿಂದ ತಂಪಾಗುವ ಎಂಜಿನ್ನಿನ ಕಷ್ಟ. ಕಾರಿಗೆ ರೇಡಿಯೇಟರ್ ಇದೆ, ಅದರೊಳಗಿನ ನೀರು ಬಿಸಿಯನ್ನು ಹದದಲ್ಲಿಡುತ್ತದೆ. ನಮ್ಮ ಗಾಡಿಯ ಎಂಜಿನ್ ಮೇಲೆ ಪದರ ಪದರವಾಗಿ ಕಾಣುವ ಲೋಹದ ರೆಕ್ಕೆಗಳಿಗೆ ಗಾಳಿ ತಾಗಬೇಕು. ಸಿಗ್ನಲ್ಲಿನಲ್ಲಿ ನಿಂತರೆ, ಬೆಟ್ಟವನ್ನು ಮೆಲ್ಲಗೆ ಹತ್ತಿದರೆ ಗಾಳಿ ಸಾಲದು. ಆಗ ಒಳಗಿನ ಬಿಸಿಯನ್ನು ಹೊತ್ತು ಹೊರಗೋಡೆಗೆ ತಂದು ಮುಟ್ಟಿಸುವ ಕೆಲಸ ಹೆಚ್ಚಾಗಿ ಆಯಿಲಿನ ಮೇಲೇ ಬೀಳುತ್ತದೆ. ಅದಕ್ಕೇ ಆಯಿಲ್ ಕಡಿಮೆಯಾಗಲು ಬಿಡಬಾರದು, ಹೇಳಿದಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು.

ಮೂರನೆಯದು ಜಾಸೊ ಎಂಬ ಗುರುತು. ಇದು ಜಪಾನಿನವರು ಮಾಡಿದ ಮಾನದಂಡ. ಎಂ.ಎ. ಅಥವಾ ಎಂ.ಎ.2 ಎಂದಿದ್ದರೆ ಆಯಿಲಿನಲ್ಲಿ ನೆನೆದಿರುವ ಕ್ಲಚ್ಚಿಗೆ ಹೊಂದುತ್ತದೆ. ಎಂ.ಬಿ. ಎಂದಿದ್ದರೆ ಹೆಚ್ಚು ಜಾರುವಂಥದು, ಗೇರಿಲ್ಲದ ಸ್ಕೂಟರುಗಳಿಗೆ. ಸಿಂಥೆಟಿಕ್ಕೋ ಮಾಮೂಲೋ ಎಂಬುದು ಇದಾದ ಮೇಲಿನ ಮಾತು. ದುಬಾರಿಯೆಂಬ ಒಂದೇ ಕಾರಣಕ್ಕೆ ಯಾವ ಆಯಿಲೂ ನಿಮ್ಮ ಗಾಡಿಗೆ ಸರಿಯಾಗುವುದಿಲ್ಲ.

ಮೊಮ್ಮಗ ಇದನ್ನೆಲ್ಲ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಈಗ ತಿಂಗಳಿಗೊಮ್ಮೆ ಆಯಿಲ್ ಮಟ್ಟ ನೋಡುವವನು ಅವನೇ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸ್ವಲ್ಪ ಹೊತ್ತು ಓಡಿಸಿ ಆರಿಸಿ, ಎರಡು ಮೂರು ನಿಮಿಷ ಕಾದು, ಅಳತೆ ಕಡ್ಡಿಯನ್ನು ಒರೆಸಿ, ತಿರುಗಿಸದೆ ಸುಮ್ಮನೆ ಇಳಿಸಿ ನೋಡುತ್ತಾನೆ. "ಎರಡು ಗೆರೆ ಮಧ್ಯೆ ಇದೆ ತಾತ" ಎಂದು ಕೂಗುತ್ತಾನೆ. ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.

ಬೆಟ್ಟಕ್ಕೆ ಮತ್ತೆ ಹೋಗಿ ಬಂದೆವು. ಗಾಡಿ ತಕರಾರಿಲ್ಲದೆ ಹತ್ತಿತು. ಆ ಕಪ್ಪು ಡಬ್ಬಿ ಈಗಲೂ ಅವನ ಮೇಜಿನ ಮೇಲೆ ಪೆನ್ಸಿಲ್ ತುಂಬಿಕೊಂಡು ನಿಂತಿದೆ. ಕಾರಿನ ಚಿತ್ರದ ಕೆಳಗೆ ಒಂದು ಬಿಳಿ ಚೀಟಿ ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದಿದ್ದಾನೆ: "ತಾತನ ಗಾಡಿಗಲ್ಲ."